ದುಬೈ ಬಾಣಂತನಕ್ಕೆ ಏನು ಒಯ್ಯಬಹುದು?

ಮುಳಬಾಗಿಲಿನಿಂದ ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೀನಿ, ಗಸಗಸೆ, ಬಜೆ, ಕಷಾಯದ ಪುಡಿ ಒಯ್ಯಬಹುದಾ ಅಂತ ಕೇಳಿದ್ದೀರಿ ಅಮ್ಮ.

ಗಸಗಸೆ ಖಂಡಿತ ಬೇಡ. ಅಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿ ನಿಷೇಧಿಸಿದ್ದಾರೆ. ಲೇಹ್ಯದಲ್ಲಿ ಬೆರೆತಿದ್ದರೂ, ಹಳೇ ಡಬ್ಬಿಯ ತಳದಲ್ಲಿ ನಾಲ್ಕು ಕಾಳು ಉಳಿದಿದ್ದರೂ ತೊಂದರೆಯೇ. ಹೊಸ ಡಬ್ಬಿ ತಗೊಳ್ಳಿ.

ಕಷಾಯದ ಪುಡಿಯನ್ನು ಅಲ್ಲೇ ಮಾಡಿ, ಸಾಮಾನೆಲ್ಲ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತೆ. ಹುರಿಯುವಾಗ ಮನೆ ತುಂಬೋ ಆ ಘಮವೂ ಮಗಳಿಗೆ ಬೇಕು, ಅದೇ ತವರು. ಧನಿಯಾ 100 ಗ್ರಾಂ, ಜೀರಿಗೆ 50, ಒಣಶುಂಠಿ 20, ಮೆಣಸು 10. ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹಾಕಿದರೆ ಧನಿಯಾ ಘಮ್ಮೆನ್ನುವಷ್ಟರಲ್ಲಿ ಜೀರಿಗೆ ಸೀದು ಕಹಿಯಾಗುತ್ತೆ. ಪೂರ್ತಿ ಆರಿದ ಮೇಲೇ ಪುಡಿ ಮಾಡಿ. ಬಿಸಿ ಇದ್ದಾಗ ಮುಚ್ಚಿಟ್ಟರೆ ಮುಚ್ಚಳದೊಳಗೆ ಬೆವರು ಕೂತು ಪುಡಿ ಗಂಟುಕಟ್ಟಿ ಬೂಷ್ಟು ಬರುತ್ತೆ. ಲೋಟ ನೀರಿಗೆ ಒಂದು ಚಮಚ ಹಾಕಿ, ಮುಕ್ಕಾಲಾಗುವಷ್ಟು ಕುದಿಸಿ. ಬೆಲ್ಲ, ಹಾಲು ಒಟ್ಟಿಗೆ ಕುದಿಸಬೇಡಿ, ಒಡೆಯುತ್ತೆ.

ಬಜೆ ಸುಟ್ಟು ತೇಯ್ದು ಮಗುವಿನ ನಾಲಿಗೆಗೆ ತೀಡೋದು ನಮ್ಮ ಕಡೆ ವಾಡಿಕೆ, ಗೊತ್ತು. ಆದರೂ ಬಿಟ್ಟುಬಿಡಿ. ಅದರಲ್ಲಿರುವ ಆಸರೋನ್ ಅನ್ನೋ ರಾಸಾಯನಿಕ ಹಾನಿಕರ ಅಂತಲೇ ಅಮೆರಿಕದಲ್ಲಿ ಆಹಾರಕ್ಕೆ ಬಳಸೋದನ್ನು ನಿಷೇಧಿಸಿದ್ದಾರೆ. ಬಜೆ ಬಳೆಯೂ ಬೇಡ, ಮಗು ಚೀಪುತ್ತೆ. ವರ್ಷ ತುಂಬೋವರೆಗೆ ಜೇನು ಕೂಡ ನೆಕ್ಕಿಸಬೇಡಿ.

ಮಗಳು ಬಿಪಿ, ಶುಗರ್ ಮಾತ್ರೆ ತಗೊಳ್ತಿದ್ದರೆ ಕಷಾಯದ ವಿಷಯ ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ.