ಟ್ರ್ಯಾಕ್‌ನ ತಿರುವಿನಲ್ಲಿ ನನ್ನ ಸ್ವಿಫ್ಟ್‌ನ ಹಿಂಭಾಗ ಹೊರಕ್ಕೆ ಜಾರುತ್ತದೆ, ಏನು ಮಾಡಲಿ?

ಹುಬ್ಬಳ್ಳಿಯಿಂದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್ ತನಕ ಹೋಗಿ ಈಗಾಗಲೇ ಖರ್ಚು ಮಾಡಿದ್ದೀರಿ, ಹಾಗಾಗಿ ಟೈರಿನಂಥ ಹೊಸ ಖರ್ಚಿನ ಮಾತು ಆಮೇಲೆ. ಮೊದಲು ನಿಮ್ಮ ಬಲಗಾಲು ನೋಡಿಕೊಳ್ಳಿ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಗಕ್ಕನೆ ಬಿಟ್ಟರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರುಗಳು ಹಗುರಾಗಿ ಹಿಡಿತ ಬಿಡುತ್ತವೆ, ಮಳೆಗಾಲದಲ್ಲಿ ಧಾರವಾಡದ ಕೆಂಪು ರಾಡಿಯಲ್ಲಿ ಬೈಕಿನ ಹಿಂದಿನ ಗಾಲಿ ಜಾರುತ್ತದಲ್ವಾ, ಹೆಚ್ಚುಕಡಿಮೆ ಹಾಗೇ. ಬ್ರೇಕ್ ನೇರ ದಾರಿಯಲ್ಲೇ ಮುಗಿಸಿ. ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿಯೇ ಇರಿ. ಜಾರಿದರೂ ಬ್ರೇಕ್ ಮುಟ್ಟಬೇಡಿ, ಸ್ಟೇರಿಂಗನ್ನು ಹಿಂಭಾಗ ಜಾರುವ ಕಡೆಗೇ ತಿರುಗಿಸಿ.

ಆಮೇಲೆ ಟೈರು. ಸವೆದ ಜೋಡಿಯನ್ನು ಹಿಂದೆ ಹಾಕಿದ್ದೀರಾ? ಬದಲಿಸಿ. ಲ್ಯಾಪ್ (ಟ್ರ್ಯಾಕ್‌ನ ಸುತ್ತು) ಮುಗಿದು ಟೈರು ಬಿಸಿ ಇರುವಾಗಲೇ ಗಾಳಿ ಅಳೆಯಿರಿ, ಜಾಸ್ತಿ ಏರಿದ್ದರೆ ಹಿಂದಿನದರಲ್ಲಿ ಒಂದೊಂದೇ ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಇಳಿಸಿ ನೋಡಿ. ಹಿಂದೆ ದಪ್ಪ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಸರಳು) ಹಾಕಿಸಿದ್ದರೆ ಸುಮ್ನೆ ತೆಗೆಸಿಬಿಡಿ, ಅದು ಹಿಂಭಾಗದ ಹಿಡಿತ ಕಡಿಮೆ ಮಾಡುತ್ತದೆ.