ಹುಬ್ಬಳ್ಳಿಯ ಟೆಂಡರ್ ಅನುಭವ ಲಂಡನ್‌ನಲ್ಲಿ ನಡೆಯುತ್ತಾ?

ತಂಗಿ, ಹುಬ್ಬಳ್ಳಿಯ ಕಾಂಟ್ರಾಕ್ಟರ್ ಆಫೀಸಿನಲ್ಲಿ ನಾಲ್ಕು ವರ್ಷ ಟೆಂಡರ್ ಕಾಗದ ಮಾಡಿದ್ದೇನೆ, ಗಂಡನ ಜೊತೆ ಲಂಡನ್‌ಗೆ ಬರುತ್ತಿದ್ದೇನೆ, ಪ್ರಾಪರ್ಟಿ ಕನ್ಸಲ್ಟಿಂಗ್ ಕಂಪನಿಯಲ್ಲಿ ಬಿಡ್, ಅಂದರೆ ಟೆಂಡರಿಗೆ ಉತ್ತರ, ಬರೆಯುವ ಕೆಲಸಕ್ಕೆ ನನ್ನ ಇಂಗ್ಲಿಷ್ ಸಾಕಾ ಅಂತ ಗದಗಿನಿಂದ ಕೇಳಿದ್ದೀಯ. ಸಾಕು. ನಾನೂ ಧಾರವಾಡದಲ್ಲಿ ಇಎಂಡಿ, ಅಂದರೆ ಟೆಂಡರ್ ಜೊತೆ ಇಡುವ ಠೇವಣಿಯ ಡಿಡಿಗಾಗಿ ಬ್ಯಾಂಕಿನಲ್ಲಿ ಕಾದು ನಿಂತವಳೇ.

ಒಂದು ರೂಢಿ ಮಾತ್ರ ಬಿಡಬೇಕು. ನಮ್ಮಲ್ಲಿ ಎರಡು ಕವರ್, ಒಂದರಲ್ಲಿ ಟೆಕ್ನಿಕಲ್ ವಿವರ, ಇನ್ನೊಂದರಲ್ಲಿ ರೇಟು. ಟೆಕ್ನಿಕಲ್‌ನಲ್ಲಿ ಪಾಸಾದರೆ ಆಮೇಲೆ ಯಾರ ರೇಟು ಕಡಿಮೆಯೋ ಅವರಿಗೆ ಕೆಲಸ. ಇಲ್ಲಿಯ ಪ್ರಾಪರ್ಟಿ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಇರುವವರು ಕಟ್ಟಡ ಕಟ್ಟುವವರಲ್ಲ, ಕಟ್ಟಡಕ್ಕೆ ಬೆಲೆ ಕಟ್ಟುವವರು, ಲೀಸ್ ಮಾತಾಡಿ ಕೊಡುವವರು; ಇವರನ್ನೇ ಇಲ್ಲಿ ಸರ್ವೇಯರ್ ಅನ್ನುತ್ತಾರೆ. ಹಾಗಾಗಿ ರೇಟಿನ ಜೊತೆ ಬರೆದ ಉತ್ತರಕ್ಕೂ ಅಂಕ ಇರುತ್ತದೆ, ಎಷ್ಟೋ ಸಲ ರೇಟಿಗಿಂತ ಜಾಸ್ತಿ. 2025ರ ಫೆಬ್ರವರಿ 24ರಿಂದ ಸರ್ಕಾರಿ ಖರೀದಿಗೆ ಹೊಸ ಕಾನೂನು ಬಂದಿದೆ. ಗೆದ್ದರೂ ಸೋತರೂ ಯಾಕೆ ಅಷ್ಟು ಅಂಕ ಬಂತು ಅಂತ ಬರೆದು ಕಳಿಸುತ್ತಾರೆ. ಆ ಕಾಗದವನ್ನು ಜೋಪಾನವಾಗಿ ಓದು, ನನಗೆ ಕೆಲಸ ಕಲಿಸಿದ್ದೇ ಅಂಥ ಕಾಗದಗಳು.

ಮೊದಲ ವರ್ಷ ಒಂದು ಕೌನ್ಸಿಲ್‌ನವರು (ನಮ್ಮ ನಗರಸಭೆ ಇದ್ದ ಹಾಗೆ) ಕೇಳಿದ್ದರು: ಕೆಲಸದ ನಡುವೆ ನಿಮ್ಮ ಸರ್ವೇಯರ್ ಬಿಟ್ಟು ಹೋದರೆ ಏನು ಮಾಡುತ್ತೀರಿ? ನಾನು ನಮ್ಮವರು ಎಷ್ಟು ಅನುಭವಿಗಳು ಅಂತ ಎರಡು ಪುಟ ಹೊಗಳಿದೆ. 5ಕ್ಕೆ 2 ಬಂತು. ಅವತ್ತು ರಾತ್ರಿ ಅತ್ತುಬಿಟ್ಟೆ. ಅವರು ಕೇಳಿದ್ದು ಇಷ್ಟೇ ಅಲ್ವಾ: ಆತನ ಬದಲು ಯಾರು, ಎಷ್ಟು ದಿನದೊಳಗೆ ಬರುತ್ತಾರೆ, ಫೈಲು ಹೇಗೆ ಕೈ ಬದಲಾಗುತ್ತದೆ.

ಇದೆಲ್ಲ ಗೊತ್ತಿರುವುದು ಸರ್ವೇಯರ್‌ಗಳಿಗೆ, ಆದರೆ ಅವರು ಬರೆದು ಕೊಡುವುದಿಲ್ಲ. ಸುಮ್ನೆ ಮೇಲ್ ಹಾಕಿ ಕಾಯಬೇಡ. ಹದಿನೈದು ನಿಮಿಷ ಫೋನ್ ಮಾಡಿ, ಹೋದ ಸಲ ಇಂಥದ್ದೇ ಕೆಲಸದಲ್ಲಿ ಏನಾಯಿತು ಅಂತ ಕೇಳು, ಅವರು ಹೇಳಿದ ಹಾಗೇ ಬರೆದು ತಿದ್ದಲು ಕಳಿಸು. ಬರೆಯೋಕೆ ಬೇಜಾರು ಪಡುವವರೂ ತಪ್ಪು ಕಂಡರೆ ತಿದ್ದದೆ ಬಿಡುವುದಿಲ್ಲ. ಆಮೇಲೆ ಪದಗಳ ಮಿತಿ ನೋಡು, ಮಿತಿ ದಾಟಿದ್ದನ್ನು ಓದದೆ ಬಿಡುವವರೂ ಇದ್ದಾರೆ. ಎಲ್ಲ ಪುಟಕ್ಕೂ ಸಹಿ ಬಿತ್ತಾ ಅಂತ ಹುಬ್ಬಳ್ಳಿಯಲ್ಲಿ ನೋಡುತ್ತಿದ್ದ ಕಣ್ಣೇ ಇಲ್ಲಿ ಬೇಕಾಗುವುದು.

ಟೆಂಡರ್ ಮುಗಿಯುವ ವಾರ ಮನೆಗೆ ಹೋಗುವುದು ತಡವಾಗುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು, ಮನಸ್ಸು ಭಾರ ಆಗುತ್ತದೆ. ನಾನು ಆರಕ್ಕೆ ಆಫೀಸು ಬಿಟ್ಟರೆ ಧಾರವಾಡದಲ್ಲಿ ಹನ್ನೊಂದೂವರೆ, ಅವ್ವ ಮಲಗಿರುತ್ತಾಳೆ. ಅದಕ್ಕೇ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ, ಅವಳು ರೊಟ್ಟಿ ಬಡಿದು ಊಟಕ್ಕೆ ಕೂರುವ ಹೊತ್ತು.

ಸಿವಿಯಲ್ಲಿ ಎಷ್ಟು ಟೆಂಡರ್ ಹಾಕಿದೆ, ಎಷ್ಟು ಗೆದ್ದಿರಿ, ಎಷ್ಟು ರೂಪಾಯಿಯ ಕೆಲಸ ಅನ್ನುವುದನ್ನು ಬರೆ, ಪಕ್ಕದಲ್ಲಿ ಪೌಂಡಿನ ಲೆಕ್ಕವೂ ಇರಲಿ. ಹೊರಡುವ ಮುಂಚೆ ನಿಮ್ಮ ಮಾಲೀಕರಿಂದ ಲೆಟರ್‌ಹೆಡ್ ಮೇಲೆ ಪತ್ರ ತಗೋ. ಸೇರಿದ ದಿನ, ಬಿಟ್ಟ ದಿನ, ಅವರ ಮೇಲ್ ವಿಳಾಸ ಇರಬೇಕು, ಇಲ್ಲಿಯವರು ನಿಜವಾಗಿಯೂ ಬರೆದು ಕೇಳುತ್ತಾರೆ.