ಗಾಯವಾದ ಮೇಲೆ ಜರ್ಮನಿಯ ಟ್ರ್ಯಾಕ್ ಸೈಕ್ಲಿಂಗ್ ಆಟಗಾರ್ತಿ ಕ್ರಿಸ್ಟಿನಾ ಫೋಗೆಲ್ ತರಹ ಬೇಗ ಟ್ರ್ಯಾಕ್‌ಗೆ ಮರಳದಿದ್ದರೆ ಜನ ಮರೆತುಬಿಡ್ತಾರಾ?

ಹೀಗೆ ಕೇಳಿ ಬರೆದಿದ್ದೀರಿ. ಕಾಲರ್ ಬೋನ್ ಮುರಿದು ಆರು ವಾರ, ನೋವಿದೆ ಅಂತ ಕೋಚ್‌ಗೆ ಹೇಳಿಲ್ಲ ಅಂದಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಕೈ ಎಡಭುಜಕ್ಕೆ ಹೋಯಿತು.

2013ರಲ್ಲಿ ದೆಹಲಿಯ ವೆಲೊಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ಟ್ರ್ಯಾಕ್‌ನಲ್ಲಿ, ಮುಂದಿನವರ ಚಕ್ರಕ್ಕೆ ನನ್ನ ಚಕ್ರ ತಾಗಿ ಬಿದ್ದೆ. ಮುರಿದ ಮೂಳೆಗೆ ಪ್ಲೇಟ್ ಹಾಕಿದ ಡಾಕ್ಟರ್, ಮೂರು ತಿಂಗಳು ಟ್ರ್ಯಾಕ್ ಕಡೆ ತಲೆ ಹಾಕಬೇಡ ಅಂದರು. ಏಳನೇ ವಾರಕ್ಕೇ ಹೋದೆ. ನನ್ನ ತಲೆಯಲ್ಲೂ ಫೋಗೆಲ್ಲೇ ಇದ್ದರು. 2009ರಲ್ಲಿ ಜರ್ಮನಿಯ ಎರ್ಫುರ್ಟ್‌ನಲ್ಲಿ ವ್ಯಾನ್ ಗುದ್ದಿ ಎರಡು ದಿನ ಕೋಮಾ. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಿರಿಯಂ ವೆಲ್ಟೆ ಜೊತೆ ಟೀಮ್ ಸ್ಪ್ರಿಂಟ್ ಚಿನ್ನ. ಈ ಎರಡು ಸಾಲನ್ನು ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. ನಡುವಿನ ಮೂರು ವರ್ಷ ನನಗೆ ಕಾಣಲೇ ಇಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ. ರೋಡಲ್ಲಿ ನಿಧಾನಕ್ಕೆ ತುಳಿದಾಗ ನೋವಿರಲಿಲ್ಲ. ಅಷ್ಟಕ್ಕೇ ವಾಸಿಯಾಯಿತು ಅಂದುಕೊಂಡೆ. ಆದರೆ ಟ್ರ್ಯಾಕ್ ಸೈಕಲ್‌ಗೆ ಇರೋದು ಒಂದೇ ಗೇರ್, ಅದೂ ಭಾರದ್ದು. ನಿಂತಲ್ಲಿಂದ ಹೊರಡುವಾಗ ಹ್ಯಾಂಡಲನ್ನು ಮೈಯೆಲ್ಲ ಬಿಗಿಹಿಡಿದು ಎಳೆಯಬೇಕು. ಆ ಎಳೆತವೆಲ್ಲ ಭುಜದ ಮೇಲೆ. ಮೂರನೇ ಸ್ಟಾರ್ಟ್‌ಗೆ ಒಳಗೆ ಟಕ್ ಅಂದಿತು. ಅವತ್ತೇ ಹೇಳಿದ್ದರೆ ಉಳಿಯುತ್ತಿತ್ತೇನೋ. ಟ್ರಯಲ್ಸ್, ಅಂದರೆ ತಂಡದ ಆಯ್ಕೆಯ ಸ್ಪರ್ಧೆ, ತಪ್ಪುತ್ತದೆ ಅಂತ ಹತ್ತು ದಿನ ಮುಚ್ಚಿಟ್ಟು, ಮಾತ್ರೆ ನುಂಗಿ ತುಳಿದೆ. ಎಕ್ಸ್‌ರೇಯಲ್ಲಿ ನೋಡಿದರೆ ಸ್ಕ್ರೂ ಎದ್ದು ಬಂದಿತ್ತು, ಮೂಳೆ ಜಾರಿತ್ತು. ಮತ್ತೆ ಆಪರೇಷನ್. ಇವತ್ತಿಗೂ ಎಡಗೈಯಿಂದ ಅಟ್ಟದ ಮೇಲಿನ ಡಬ್ಬಿ ಇಳಿಸಲು ಆಗುವುದಿಲ್ಲ.

ಬೇಗ ಮರಳಿದ್ದಕ್ಕೇ ಫೋಗೆಲ್ ಜನಪ್ರಿಯರಾದರು ಅನ್ನುವ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಅವರು 11 ಸಲ ವಿಶ್ವ ಚಾಂಪಿಯನ್. 2016ರ ರಿಯೊ ಒಲಿಂಪಿಕ್ಸ್ ಸ್ಪ್ರಿಂಟ್ ಫೈನಲ್‌ನಲ್ಲಿ ಸೈಕಲ್ಲಿನ ಸೀಟೇ ಕಳಚಿಕೊಂಡಿತು, ಆದರೂ ಚಿನ್ನ ಗೆದ್ದರು. ಆ ರೇಸ್ ನೋಡಿ, ಮೈ ಜುಮ್ಮೆನ್ನುತ್ತದೆ.

2018ರ ಜೂನ್‌ನಲ್ಲಿ ಜರ್ಮನಿಯ ಕಾಟ್‌ಬುಸ್ ಟ್ರ್ಯಾಕ್‌ನಲ್ಲಿ ತರಬೇತಿಯ ವೇಳೆ ಇನ್ನೊಬ್ಬ ಸವಾರನಿಗೆ ಡಿಕ್ಕಿ ಹೊಡೆದು ಬಿದ್ದರು. ಯಾರೋ ತನ್ನ ಶೂ ಹಿಡಿದುಕೊಂಡು ಹೋಗುವುದು ಕಂಡಿತಂತೆ. ಕಾಲಿಂದ ಬಿಚ್ಚಿದ್ದು ಮಾತ್ರ ಗೊತ್ತೇ ಆಗಲಿಲ್ಲ. ಇನ್ನು ನಡೆಯೋಕಾಗಲ್ಲ ಅಂತ ಆಗಲೇ ತಿಳಿಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರು ಟ್ರ್ಯಾಕ್‌ನಲ್ಲಿ ರೇಸ್ ಮಾಡಲೇ ಇಲ್ಲ. ಜನ ಮರೆತರಾ? 2019ರಲ್ಲಿ ಎರ್ಫುರ್ಟ್ ಜನ ಓಟು ಹಾಕಿ ನಗರಸಭೆಗೆ ಕಳಿಸಿದರು. ಟಿವಿಯಲ್ಲಿ ಸೈಕ್ಲಿಂಗ್ ಬಗ್ಗೆ ಮಾತಾಡಲೂ ಅವರನ್ನು ಕರೆದರು. ಬರೀ ಕನಿಕರ ಆಗಿದ್ದರೆ ವರ್ಷದೊಳಗೆ ಆರಿಹೋಗುತ್ತಿತ್ತು, ಅಲ್ವಾ? ಕಾಲಿನ ಸ್ವಾಧೀನ ಹೋಗಿದೆ ಅನ್ನುವುದನ್ನು ಅವರು ಯಾರಿಂದಲೂ ಬಚ್ಚಿಡಲಿಲ್ಲ. ನನಗೆ ಹಿಡಿಸಿದ್ದು ಅದು.

ಟ್ರಯಲ್ಸ್ ಮುಂದಿನ ವರ್ಷವೂ ಇರುತ್ತದೆ. ಇವತ್ತು ಸಂಜೆಯೇ ಕೋಚ್ ಹತ್ತಿರ ಹೋಗಿ, ಸರ್, ನೋವು ಇನ್ನೂ ಇದೆ ಅಂತ ಹೇಳಿ. ನಾಳೆ ಎಕ್ಸ್‌ರೇ ತೆಗೆಸಿ. ಆಮೇಲೆ ಇಲ್ಲಿ ಬರೆಯಿರಿ, ಕಾಯ್ತಾ ಇರುತ್ತೇನೆ.